ಆಂಬುಲೆನ್ಸ್ ಬಿಲ್ ಬಂದರೆ: ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರಿಗೆ

ಊರಲ್ಲಿ 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬಂದು ಆಸ್ಪತ್ರೆ ಮುಟ್ಟಿಸುತ್ತದೆ, ದುಡ್ಡು ಕೇಳುವುದಿಲ್ಲ. ಇಲ್ಲಿ 911ಕ್ಕೆ ಕರೆ ಮಾಡಲು ಖರ್ಚಿಲ್ಲ, ಆದರೆ ಗಾಡಿ ಹತ್ತಿದರೆ ಆಮೇಲೆ ಮನೆಗೆ ಬಿಲ್ ಬರುತ್ತದೆ. ಹಾಗಂತ ಎದೆನೋವು ಎಂದವರನ್ನು ಕಾರಲ್ಲಿ ಕೂರಿಸಿಕೊಂಡು ಹೊರಡಬೇಡಿ. ಮೊದಲು 911, ಲೆಕ್ಕ ಆಮೇಲೆ.

ಯಾವ ಕಂಪನಿಯ ಗಾಡಿ ಬರುತ್ತದೆ ಎನ್ನುವುದು ನಿಮ್ಮ ಕೈಯಲ್ಲಿಲ್ಲ. ಅದು ನಿಮ್ಮ ಇನ್ಶೂರೆನ್ಸ್ ನೆಟ್‌ವರ್ಕ್‌ನಲ್ಲಿ, ಅಂದರೆ ಇನ್ಶೂರೆನ್ಸ್ ಕಂಪನಿ ದರದ ಒಪ್ಪಂದ ಮಾಡಿಕೊಂಡವರ ಪಟ್ಟಿಯಲ್ಲಿ, ಇಲ್ಲದಿದ್ದರೆ, ಇನ್ಶೂರೆನ್ಸ್‌ನವರು ಕೊಟ್ಟು ಉಳಿದದ್ದೆಲ್ಲ ಮೊದಲು ರೋಗಿಯ ತಲೆಗೇ ಬರುತ್ತಿತ್ತು. 2022ರ ಫೆಡರಲ್ ಕಾನೂನು ಏರ್ ಆಂಬುಲೆನ್ಸ್‌ಗೆ ಮಾತ್ರ ಇದನ್ನು ತಡೆಯಿತು. ಹೆಲಿಕಾಪ್ಟರ್ ಹತ್ತುವವರು ನಮ್ಮಲ್ಲಿ ಎಷ್ಟು ಜನ ಹೇಳಿ! ರಸ್ತೆ ಮೇಲಿನ ಗಾಡಿಗೆ ರಾಜ್ಯದ ಎಬಿ 716 ಕಾನೂನು ಬಂದದ್ದು 2024ರಲ್ಲಿ. ಈಗ ನೆಟ್‌ವರ್ಕ್‌ನಲ್ಲಿದ್ದರೆ ಎಷ್ಟು ಕಟ್ಟುತ್ತಿದ್ದಿರೋ ಅಷ್ಟೇ ನಿಮ್ಮ ಪಾಲು. ಡಿಡಕ್ಟಿಬಲ್ (ಇನ್ಶೂರೆನ್ಸ್‌ನವರು ಕೊಡಲು ಶುರು ಮಾಡುವ ಮೊದಲು ವರ್ಷಕ್ಕೆ ನೀವೇ ಕಟ್ಟಬೇಕಾದ ಮೊತ್ತ) ಮುಗಿದಿಲ್ಲವಾದರೆ ಅದೂ ಸಣ್ಣ ಮೊತ್ತವಲ್ಲ, ನೆನಪಿರಲಿ. ಮೊದಲ ಬಿಲ್ ಕಳಿಸಿ 12 ತಿಂಗಳಾಗುವವರೆಗೆ ಆಂಬುಲೆನ್ಸ್‌ನವರು ಕೋರ್ಟಿಗೆ ಹೋಗುವಂತಿಲ್ಲ, ಬಾಕಿಯ ವರದಿ ಕೊಟ್ಟು ನಿಮ್ಮ ಕ್ರೆಡಿಟ್ ಕೆಡಿಸುವಂತಿಲ್ಲ.

ಇಲ್ಲೊಂದು ತೊಡಕಿದೆ, ಐಟಿಯವರೇ ಇದಕ್ಕೆ ಹೆಚ್ಚು ಸಿಕ್ಕಿಬೀಳುವುದು. ದೊಡ್ಡ ಕಂಪನಿಗಳು ಅನೇಕ ಸಲ ಕ್ಲೇಮ್ ಹಣವನ್ನು ತಾವೇ ಭರಿಸುತ್ತವೆ. ಕಾರ್ಡ್ ಮೇಲೆ ಇನ್ಶೂರೆನ್ಸ್ ಕಂಪನಿಯ ಹೆಸರಿದ್ದರೂ ಅದು ಬರೀ ಲೆಕ್ಕ ನೋಡಿಕೊಳ್ಳುತ್ತದೆ. ಇಂಥ ಸೆಲ್ಫ್-ಫಂಡೆಡ್ ಪ್ಲಾನ್‌ಗಳಿಗೆ ರಾಜ್ಯದ ಕಾನೂನು ತಾಗುವುದಿಲ್ಲ. "ನಮ್ಮದು ಸೆಲ್ಫ್-ಫಂಡೆಡ್ಡಾ?" ಎಂದು ಎಚ್‌ಆರ್‌ಗೆ ಈಗಲೇ ಒಂದು ಮೇಲ್ ಹಾಕಿ.

ಅಪ್ಪ ಅಮ್ಮ ಬಂದಿದ್ದಾರಾ? ವಿಸಿಟರ್ ಇನ್ಶೂರೆನ್ಸ್ ಪಾಲಿಸಿಯಲ್ಲಿ ಆಂಬುಲೆನ್ಸ್‌ಗೆ ಎಷ್ಟು ಮಿತಿ ಎಂದು ನೋಡಿ. ಅಗ್ಗದ ಪಾಲಿಸಿಗಳು ಒಂದಿಷ್ಟು ಕೊಟ್ಟು ಕೈತೊಳೆದುಕೊಳ್ಳುತ್ತವೆ. ಇನ್ಶೂರೆನ್ಸೇ ಇಲ್ಲದವರಿಗೆ ಸರ್ಕಾರಿ ವಿಮಾ ಯೋಜನೆಗಳಾದ ಮೆಡಿ-ಕ್ಯಾಲ್ ಅಥವಾ ಮೆಡಿಕೇರ್ ಕೊಡುವ ದರ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕಿಂತ ಮೇಲೆ ಕೇಳುವಂತಿಲ್ಲ.

ಬಿಲ್ ಕೈಗೆ ಬಂದ ತಕ್ಷಣ ಕಟ್ಟಬೇಡಿ, ಡ್ರಾಯರ್‌ಗೂ ತಳ್ಳಬೇಡಿ. ಗಡಿಬಿಡಿಯಲ್ಲಿ ಆಂಬುಲೆನ್ಸ್‌ನವರಿಗೆ ಇನ್ಶೂರೆನ್ಸ್ ವಿವರ ಸಿಕ್ಕಿರದಿದ್ದರೆ ಪೂರ್ತಿ ಮೊತ್ತ ನಿಮ್ಮ ಹೆಸರಿಗೇ ಬಂದಿರುತ್ತದೆ. ಬಿಲ್‌ನಲ್ಲಿರುವ ನಂಬರಿಗೆ ಕರೆ ಮಾಡಿ ಮೆಂಬರ್ ಐಡಿ ಕೊಡಿ. ಇನ್ಶೂರೆನ್ಸ್‌ನವರಿಂದ ಇಒಬಿ (ಅವರು ಎಷ್ಟು ಕೊಟ್ಟರು, ನಿಮ್ಮ ಪಾಲು ಎಷ್ಟು ಎಂಬ ಲೆಕ್ಕದ ಪತ್ರ) ಬಂದ ಮೇಲೆ ಅದರಲ್ಲಿ "ಪೇಷಂಟ್ ರೆಸ್ಪಾನ್ಸಿಬಿಲಿಟಿ" ಎಂಬ ಸಾಲಿನ ಮೊತ್ತವನ್ನು ಬಿಲ್ ಜತೆ ಹೋಲಿಸಿ. ತಾಳೆಯಾಗದಿದ್ದರೆ ಮೊದಲು ಇನ್ಶೂರೆನ್ಸ್ ಕಂಪನಿಗೇ ಲಿಖಿತ ದೂರು ಕೊಡಿ. ಅಲ್ಲೂ ಬಗೆಹರಿಯದಿದ್ದರೆ ರಾಜ್ಯದ ಮ್ಯಾನೇಜ್ಡ್ ಹೆಲ್ತ್ ಕೇರ್ ಇಲಾಖೆಯ ಸಹಾಯವಾಣಿ: 1-888-466-2219.