ಸೊಂಟ ಬಿಗಿಯುವವರಿಗೆ ಫೆಲ್ಡನ್‌ಕ್ರೈಸ್ ಪದ್ಧತಿಯ ಗಡಿಯಾರದ ಪಾಠ

ಫೆಲ್ಡನ್‌ಕ್ರೈಸ್ ಎಂದರೆ ಸಣ್ಣ, ನಿಧಾನ ಚಲನೆಗಳನ್ನು ಗಮನವಿಟ್ಟು ಮಾಡುತ್ತಾ ಸರಾಗವಾಗಿ ಅಲುಗಾಡಲು ಕಲಿಯುವ ಪದ್ಧತಿ. ದಿನವಿಡೀ ಕುರ್ಚಿಯಲ್ಲಿ ಕೂರುವವರು ದಯವಿಟ್ಟು ಇದರ ಈ ಪಾಠವನ್ನು 15 ನಿಮಿಷ ಮಾಡಿ ನೋಡಿ. ಮೆತ್ತನೆ ಹಾಸಿಗೆ ಬೇಡ, ಎಲ್ಲಿ ಭಾರ ಬೀಳುತ್ತಿದೆ ಎಂಬುದೇ ತಿಳಿಯುವುದಿಲ್ಲ. ನೆಲದ ಮೇಲೆ ಜಮಖಾನ ಸಾಕು.

ಅಂಗಾತ ಮಲಗಿ, ಮಂಡಿ ಮಡಚಿ, ಪಾದಗಳನ್ನು ಸೊಂಟದಷ್ಟು ಅಗಲಕ್ಕೆ ಊರಿ. ಸೊಂಟದ ಹಿಂಬದಿಗೆ ಒಂದು ಗಡಿಯಾರ ಅಂಟಿದೆ ಎಂದುಕೊಳ್ಳಿ: ಬೆನ್ನಿನ ಕಡೆ 12, ಬಾಲಮೂಳೆಯ ಕಡೆ 6. ಭಾರ 12ರತ್ತ ಹೊರಳಿದಾಗ ಕೆಳಬೆನ್ನು ನೆಲಕ್ಕೆ ಹತ್ತಿರವಾಗುತ್ತದೆ, 6ರತ್ತ ಬಂದಾಗ ಮೇಲೇಳುತ್ತದೆ. ಹೀಗೆ 10–15 ಸಲ. ಆಮೇಲೆ 3ರಿಂದ 9ಕ್ಕೆ, ಕೊನೆಗೆ ಪೂರ್ತಿ ಸುತ್ತು, ಎರಡೂ ದಿಕ್ಕಿನಲ್ಲಿ.

ಬಹಳ ಜನ ಸೇತುಬಂಧಾಸನದಂತೆ ಸೊಂಟ ಎತ್ತಿಬಿಡುತ್ತಾರೆ. ಎತ್ತಬಾರದು, ಹೊರಳಿಸಬೇಕು ಅಷ್ಟೆ. ಸರಾಗವಾಗಿದ್ದರೆ ಗದ್ದವೂ ತಾನಾಗಿ ತುಸು ಅಲುಗುತ್ತದೆ. ಅಲುಗದಿದ್ದರೆ ದವಡೆ, ಉಸಿರು ಬಿಗಿಹಿಡಿದಿದ್ದೀರಾ ನೋಡಿಕೊಳ್ಳಿ. ಸುತ್ತುವಾಗ 4–5ರ ಹತ್ತಿರ ಹಾರಿಹೋದಂತೆ ಆಗುತ್ತದೆಯೇ? ಬಲ ಹಾಕಬೇಡಿ, ಅಲ್ಲಿ ಸುತ್ತನ್ನು ಅರ್ಧಕ್ಕಿಳಿಸಿ. ಜೋರು ಮಾಡಿದಷ್ಟೂ ಸಣ್ಣ ವ್ಯತ್ಯಾಸಗಳು ಗೊತ್ತಾಗುವುದಿಲ್ಲ, ಅವನ್ನು ಗುರುತಿಸುವುದೇ ಈ ಪಾಠದ ಜೀವಾಳ. ನಡುನಡುವೆ ಕಾಲು ಚಾಚಿ ವಿಶ್ರಮಿಸಿ.

ನೋವು ಕಾಲಿಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಮುಗಿದ ಮೇಲೆ ಪಕ್ಕಕ್ಕೆ ಹೊರಳಿ ಕೈಯೂರಿ ಏಳಿ.