ಎಂಸಿಐ ಮಿದುಳಿನ ಜಾಲ: ತಲೆಯ ಅಲುಗಾಟ ಕಳೆದ ಮೇಲೆ ಉಳಿದದ್ದು

ಎಪ್ಪತ್ತು ದಾಟಿದವರನ್ನು 12 ನಿಮಿಷ ಮಲಗಿಸಿ ರೆಸ್ಟಿಂಗ್ ಎಫ್‌ಎಂಆರ್‌ಐ (ಸುಮ್ಮನೆ ಮಲಗಿರುವಾಗ ಮಿದುಳಿನ ಯಾವ ಭಾಗಗಳು ಒಟ್ಟಿಗೆ ಏರಿಳಿಯುತ್ತವೆ ಎಂದು ತೋರಿಸುವ ಸ್ಕ್ಯಾನ್) ತೆಗೆದರೆ ಸಿಗುವುದು ತಲೆಯ ಅಲುಗಾಟವೇ ಹೊರತು ಮಿದುಳಿನ ಜಾಲವಲ್ಲ ಎಂದು ನಮ್ಮ ವಿಭಾಗದ ಹಿರಿಯರು ಮೊದಲೇ ಎಚ್ಚರಿಸಿದ್ದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು.

ಎಂಸಿಐ (ನೆನಪು, ಯೋಚನೆ ವಯಸ್ಸಿಗೆ ಮೀರಿ ತುಸು ಕುಗ್ಗಿದ, ಆದರೆ ಡಿಮೆನ್ಷಿಯಾ ಅಲ್ಲದ ಸ್ಥಿತಿ) ಇರುವ ಸುಮಾರು 20 ಮಂದಿಯನ್ನು ಅಷ್ಟೇ ಆರೋಗ್ಯವಂತರೊಂದಿಗೆ ಹೋಲಿಸಿದಾಗ, ಡಿಫಾಲ್ಟ್ ಮೋಡ್ ಜಾಲದ (ವಿಶ್ರಾಂತಿಯಲ್ಲಿ ಹೆಚ್ಚು ಚುರುಕಾಗುವ ಮಿದುಳಿನ ಭಾಗಗಳ ಜಾಲ) ಹಿಂಬದಿಗೂ ಮುಂಬದಿಗೂ ಇರುವ ಸಂಪರ್ಕ ಎಂಸಿಐ ಗುಂಪಿನಲ್ಲಿ ಸ್ಪಷ್ಟವಾಗಿ ಕುಗ್ಗಿರುವಂತೆ ಕಂಡಿತು. ಆದರೆ ಹೆಚ್ಚು ಅಲುಗಿದ್ದವರೂ ಅವರೇ. ತಲೆ ಅಲುಗಿದರೆ ದೂರದ ಸಂಪರ್ಕ ಕಡಿಮೆಯಾಗಿಯೂ ಹತ್ತಿರದ್ದು ಹೆಚ್ಚಾಗಿಯೂ ತೋರುತ್ತದೆ ಎಂಬುದು 2012ರಿಂದ ಎಲ್ಲರೂ ಬಲ್ಲ ಸಂಗತಿ. 0.2 ಮಿ.ಮೀ. ಮೀರಿ ಅಲುಗಿದ ಚಿತ್ರಗಳನ್ನು ಕಳೆದಾಗ ಎರಡೂ ಗುಂಪು ಸೇರಿ ಸಾಕಷ್ಟು ಚಿತ್ರ ಉಳಿದವರು 15 ಮಂದಿಯೂ ಇರಲಿಲ್ಲ, ವ್ಯತ್ಯಾಸವೂ ಅಳಿಸಿಹೋಯಿತು. ಸ್ಕ್ಯಾನರ್ ಬಾಡಿಗೆಯೊಂದರಲ್ಲೇ ಒಂದೂವರೆ ಲಕ್ಷ ರೂಪಾಯಿಗೂ ಹೆಚ್ಚು ನೀರುಪಾಲಾಯಿತು.

ಒಳಗೆ ಏನು ಮಾಡುತ್ತಿದ್ದಿರಿ ಎಂದು ಒಬ್ಬ ವೃದ್ಧೆಯನ್ನು ಕೇಳಿದೆ. “ಹೆದರಿಕೆ ಆಯ್ತು ಡಾಕ್ಟ್ರೇ, ವಿಷ್ಣು ಸಹಸ್ರನಾಮ ಹೇಳ್ಕೊಂಡೆ” ಎಂದರು. ತುಟಿಯೊಂದಿಗೆ ದವಡೆ, ದವಡೆಯೊಂದಿಗೆ ತಲೆ ಅಲುಗಿತ್ತು; ಅಲ್ಲದೆ ಪಠಣದಲ್ಲಿ ತೊಡಗಿದ ಮಿದುಳನ್ನು ವಿಶ್ರಾಂತ ಸ್ಥಿತಿಯದೆಂದು ಲೆಕ್ಕಹಾಕುವಂತಿಲ್ಲ.

ಸ್ಕ್ಯಾನರಿಗೆ ಮೊದಲೇ ಒಗ್ಗಿಸಲೆಂದು ಬಡಗಿಯೊಬ್ಬರಿಂದ 60 ಸೆಂ.ಮೀ. ಅಗಲದ ಪ್ಲೈವುಡ್ ಸುರಂಗ ಮಾಡಿಸಿದೆ. ಸುಮಾರು 9,000 ರೂಪಾಯಿ ತಗಲಿತು. ಸ್ಕ್ಯಾನರ್ ಕೋಣೆಯ ಬಾಗಿಲಾಚೆಯಿಂದ ಮೊಬೈಲಿನಲ್ಲಿ ಹಿಡಿದ ಸದ್ದನ್ನು ಅದರೊಳಗೆ ಕೇಳಿಸಿ, ಪ್ರತಿಯೊಬ್ಬರನ್ನೂ ಹಿಂದಿನ ದಿನವೇ ಕಾಲು ಗಂಟೆ ಮಲಗಿಸಿದೆ. ಸ್ಕ್ಯಾನನ್ನು 6 ನಿಮಿಷಗಳ ಎರಡು ಭಾಗ ಮಾಡಿದೆ. ಕತ್ತಿನ ಕೆಳಗೆ ದಿಂಬು ಇಡುವ ಕ್ರಮವನ್ನೂ ಕೊನೆಯ ಸೂಚನೆಯ ಮಾತುಗಳನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದೇ ವೃದ್ಧೆ ಎರಡನೇ ಸಲ ಬಂದಾಗ ಸರಾಸರಿ ಅಲುಗಾಟ 0.1 ಮಿ.ಮೀ. ಆಸುಪಾಸಿನಲ್ಲಿತ್ತು, ಎಚ್ಚರಿಸಿದ್ದ ಹಿರಿಯರೇ ಆ ಅಲುಗಾಟದ ರೇಖೆಯನ್ನು ಎರಡು ಬಾರಿ ನೋಡಿದರು.

ನಡುವೆ ಕಾಡಿನ ಮೂಕ ದೃಶ್ಯಗಳನ್ನು ತೋರಿಸಿಯೂ ನೋಡಿದೆ. ಅಲುಗಾಟವೇನೋ ತಗ್ಗಿತು, ಆದರೆ ನೋಡುವ ಕೆಲಸವೇ ಜಾಲವನ್ನು ಬದಲಿಸುವುದರಿಂದ ಕೈಬಿಟ್ಟೆ.

ಇನ್ನೊಂದು ಪೆಟ್ಟು ನೆನಪಿಗೆ ಮುಖ್ಯವಾದ ಮಿದುಳಿನ ಭಾಗವಾದ ಹಿಪ್ಪೋಕ್ಯಾಂಪಸ್‌ನದು. ಎಲ್ಲರಿಗೂ ಒಂದೇ ಸಿದ್ಧ ನಕ್ಷೆಯ ಗಡಿಯನ್ನೇ ಬಳಸಿದರೆ, ಅದು ಕುಗ್ಗಿರುವವರಲ್ಲಿ ಸುತ್ತಲಿನ ದ್ರವದ ಸಂಕೇತವೂ ಬೆರೆತು ಸಂಪರ್ಕ ಸುಳ್ಳಾಗಿ ಕಡಿಮೆಯಾಗುತ್ತದೆ. ಆದ್ದರಿಂದ ಪ್ರತಿಯೊಬ್ಬರ ಮಿದುಳಿನ ರಚನೆ ತೋರಿಸುವ ಟಿ1 ಚಿತ್ರದಲ್ಲೇ ಗಡಿ ಗುರುತಿಸಿ, ಗಾತ್ರವನ್ನೂ ಲೆಕ್ಕಕ್ಕೆ ಸೇರಿಸಿದೆ. ಇಷ್ಟಾದ ಮೇಲೂ ಡಿಫಾಲ್ಟ್ ಮೋಡ್ ಜಾಲದ ಹಿಂಬದಿಯ ಕೇಂದ್ರವಾದ ಪೋಸ್ಟೀರಿಯರ್ ಸಿಂಗುಲೇಟ್–ಹಿಪ್ಪೋಕ್ಯಾಂಪಸ್ ಸಂಪರ್ಕ ಎಂಸಿಐ ಗುಂಪಿನಲ್ಲಿ ಕಡಿಮೆಯಾಗಿಯೇ ಉಳಿಯಿತು. ಅದೇ ಗುಂಪಿನ ಮಿದುಳಿನ ಮುಂಭಾಗದಲ್ಲಿ ಹೆಚ್ಚಾಗಿ ಕಂಡಿದ್ದ ಸಂಪರ್ಕಗಳಲ್ಲಿ ಅರ್ಧದಷ್ಟು, ಎರಡೂ ಗುಂಪುಗಳ ಅಲುಗಾಟವನ್ನು ಸರಿದೂಗಿಸಿದೊಡನೆ ಇಲ್ಲವಾದವು. ಉಳಿದರ್ಧವನ್ನು ಮಿದುಳು ತಾನೇ ಕೊರತೆ ತುಂಬಿಕೊಳ್ಳುವ ಯತ್ನವೆಂದು ಕರೆಯಲು, ಅದೇ ಜನರನ್ನು ಎರಡು ವರ್ಷ ಬಿಟ್ಟು ಮತ್ತೆ ಸ್ಕ್ಯಾನ್ ಮಾಡುವವರೆಗೆ ನಾನು ಸಿದ್ಧನಿಲ್ಲ.