ಝೂಮ್ ಲೆನ್ಸ್ ಕ್ಯಾಮೆರಾವನ್ನು ಕ್ಯಾಲಿಬ್ರೇಟ್ ಮಾಡುವುದು ಹೇಗೆ?

ಕ್ಯಾಲಿಬ್ರೇಟ್ ಮಾಡುವುದೆಂದರೆ ಲೆನ್ಸ್ ಚಿತ್ರವನ್ನು ಹೇಗೆ ಮೂಡಿಸುತ್ತದೆ ಎಂಬುದರ ಅಳತೆಗಳನ್ನು ಕಂಡುಹಿಡಿಯುವುದು. ಝೂಮ್ ಸ್ವಲ್ಪ ತಿರುಗಿದರೂ ಫೋಕಲ್ ಲೆಂಗ್ತ್, ಪ್ರಿನ್ಸಿಪಲ್ ಪಾಯಿಂಟ್ (ಲೆನ್ಸಿನ ಅಕ್ಷ ಚಿತ್ರವನ್ನು ಮುಟ್ಟುವ ಬಿಂದು), ಡಿಸ್ಟಾರ್ಷನ್ (ನೇರ ಗೆರೆ ಬಾಗಿ ಕಾಣುವ ದೋಷ) ಮೂರೂ ಬದಲಾಗುತ್ತವೆ. ನಿಮ್ಮ ಕೆಲಸಕ್ಕೆ ಒಂದೇ ಝೂಮ್ ಸಾಕಾದರೆ ರಿಂಗನ್ನು ಸ್ಕ್ರೂನಿಂದ ಬಿಗಿದು ಅದೊಂದಕ್ಕೇ ಕ್ಯಾಲಿಬ್ರೇಟ್ ಮಾಡಿ. ಇದಕ್ಕಿಂತ ನೆಚ್ಚಬಹುದಾದ ದಾರಿ ಇಲ್ಲ.

ಝೂಮ್ ಬದಲಿಸಲೇಬೇಕಿದ್ದರೆ ಮೊದಲು ಆಟೋಫೋಕಸ್ ಮತ್ತು ಇಮೇಜ್ ಸ್ಟೆಬಿಲೈಸೇಶನ್ ಆಫ್ ಮಾಡಿ. ಸ್ಟೆಬಿಲೈಸೇಶನ್ ಆನ್ ಇದ್ದರೆ ಪ್ರಿನ್ಸಿಪಲ್ ಪಾಯಿಂಟ್ ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ಇರುತ್ತದೆ. ಫೋಕಸ್ ಬದಲಾದರೂ ಫೋಕಲ್ ಲೆಂಗ್ತ್ ಕೊಂಚ ಜರುಗುವುದರಿಂದ ಝೂಮ್ ಸ್ಟೆಪ್ (ಮೋಟಾರಿನ ಸ್ಥಾನದ ಸಂಖ್ಯೆ) ಜೊತೆಗೆ ಫೋಕಸ್ ಸ್ಟೆಪ್ಪನ್ನೂ ಬರೆದಿಡಿ. ಮೋಟಾರಿನ ಗೇರ್‌ಗಳಲ್ಲಿ ಸಡಿಲು ಇದ್ದೇ ಇರುತ್ತದೆ. ಆದ್ದರಿಂದ ಪ್ರತಿ ಸ್ಥಾನಕ್ಕೂ ವೈಡ್ (ಕಡಿಮೆ ಝೂಮ್) ಕಡೆಯಿಂದಲೇ ಬನ್ನಿ, ದಾಟಿ ಹೋದರೆ ಹಿಂದೆ ಸರಿದು ಮತ್ತೆ ಬನ್ನಿ.

ಸ್ಥಾನಗಳನ್ನು ಸಮ ಅಂತರದಲ್ಲಲ್ಲ, ಸಮ ಅನುಪಾತದಲ್ಲಿ ಆರಿಸಿ. 5–50 ಮಿ.ಮೀ. ಲೆನ್ಸ್ ಆದರೆ 5, 7, 10, 14, 20, 28, 40, 50. ಪ್ರತಿಯೊಂದರಲ್ಲೂ ಚೆಸ್‌ಬೋರ್ಡ್ ಅಥವಾ ಚಾರುಕೋ ಬೋರ್ಡಿನ (ಚೌಕಗಳೊಳಗೆ ಗುರುತಿನ ಮಾರ್ಕರ್‌ಗಳಿರುವ ಚೆಸ್‌ಬೋರ್ಡ್) 15–20 ಚಿತ್ರ ತೆಗೆಯಿರಿ. ಬೋರ್ಡ್ ಗಾಜಿನ ಅಥವಾ ಅಲ್ಯೂಮಿನಿಯಂ ಹಲಗೆಗೆ ಅಂಟಿಸಿ ಚಪ್ಪಟೆಯಾಗಿರಲಿ, ಚಿತ್ರದ ನಾಲ್ಕು ಮೂಲೆಗಳಿಗೂ ಬರಲಿ.

ಕೆಡುವುದು ಹೆಚ್ಚಾಗಿ ಟೆಲಿ (ಹೆಚ್ಚು ಝೂಮ್) ತುದಿಯಲ್ಲಿ. ಅಲ್ಲಿ ನೋಟದ ಕೋನ ಕಿರಿದು, ಪರ್ಸ್ಪೆಕ್ಟಿವ್ ತೀರಾ ಕಡಿಮೆ. ಬೋರ್ಡ್ ದೂರವಿದೆಯೋ ಫೋಕಲ್ ಲೆಂಗ್ತ್ ಕಡಿಮೆಯೋ ಎಂಬುದು ಸಾಫ್ಟ್‌ವೇರಿಗೆ ಗೊತ್ತಾಗುವುದಿಲ್ಲ. ರಿಪ್ರೊಜೆಕ್ಷನ್ ಎರರ್ (ಲೆಕ್ಕ ಹೇಳುವ ಬಿಂದುವಿಗೂ ಚಿತ್ರದಲ್ಲಿ ಕಂಡ ಬಿಂದುವಿಗೂ ಇರುವ ಅಂತರ) 0.2 ಪಿಕ್ಸೆಲ್ ಬಂದರೂ ಫೋಕಲ್ ಲೆಂಗ್ತ್ ತಪ್ಪಿರಬಹುದು, ಆ ಒಂದು ಸಂಖ್ಯೆಯನ್ನು ನಂಬಿ ಕೂರಬೇಡಿ. ದೊಡ್ಡ ಬೋರ್ಡ್ ಬಳಸಿ, 30–45 ಡಿಗ್ರಿ ಓರೆ ಹಿಡಿಯಿರಿ, ಡಿಸ್ಟಾರ್ಷನ್ ಸೂತ್ರದ ಮೂರನೇ ಗುಣಾಂಕವಾದ ಕೆ3 ಅನ್ನು ಸೊನ್ನೆಗೆ ಕಟ್ಟಿಹಾಕಿ. ಚಿತ್ರ ಸಂಸ್ಕರಣೆಯ ಸಾಫ್ಟ್‌ವೇರ್ ಲೈಬ್ರರಿಯಾದ ಓಪನ್‌ಸಿವಿಯ ಕ್ಯಾಲಿಬ್ರೇಟ್‌ಕ್ಯಾಮೆರಾಎಕ್ಸ್‌ಟೆಂಡೆಡ್ ಫಂಕ್ಷನ್ ಕೊಡುವ ಸ್ಟ್ಯಾಂಡರ್ಡ್ ಡೀವಿಯೇಶನ್ (ಪ್ರತಿ ಅಳತೆ ಎಷ್ಟು ಅನಿಶ್ಚಿತ ಎಂಬುದು) ನೋಡಿ.

ಟೇಪ್ ಹಿಡಿದೂ ಪರೀಕ್ಷಿಸಬಹುದು. 500 ಮಿ.ಮೀ. ಪಟ್ಟಿಯೊಂದನ್ನು ಕ್ಯಾಮೆರಾಗೆ ನೇರ ಎದುರಾಗಿ ನಿಲ್ಲಿಸಿ ಅಗಲ ಅಳೆಯಿರಿ: 800 ಪಿಕ್ಸೆಲ್ ಎಂದುಕೊಳ್ಳಿ. ಸರಿಯಾಗಿ 3000 ಮಿ.ಮೀ. ಹಿಂದಕ್ಕೆ ಒಯ್ದಾಗ 500 ಪಿಕ್ಸೆಲ್ ಆದರೆ, 3000 ÷ (500 × (1/500 − 1/800)) = 8000 ಪಿಕ್ಸೆಲ್ ಫೋಕಲ್ ಲೆಂಗ್ತ್. ಸಾಫ್ಟ್‌ವೇರ್ ಕೂಡ ಫೋಕಲ್ ಲೆಂಗ್ತನ್ನು ಪಿಕ್ಸೆಲ್‌ನಲ್ಲೇ ಕೊಡುವುದರಿಂದ ಎರಡನ್ನೂ ಹೋಲಿಸಿ. ಸರಿದ ದೂರವಷ್ಟೇ ಲೆಕ್ಕಕ್ಕೆ ಬರುವುದರಿಂದ ಲೆನ್ಸಿನ ಯಾವ ಬಿಂದುವಿನಿಂದ ಅಳೆಯಬೇಕೆಂಬ ತಕರಾರೇ ಇಲ್ಲ.

ನಡುವಿನ ಝೂಮ್‌ಗಳಿಗೆ ಫೋಕಲ್ ಲೆಂಗ್ತ್‌ನ ಲಾಗರಿದಮ್ ತೆಗೆದುಕೊಂಡು ಸ್ಟೆಪ್‌ಗೆ ಎದುರಾಗಿ ಮೂರನೇ ಘಾತದವರೆಗಿನ ಬಹುಪದಿ ಹೊಂದಿಸಿ. ಪ್ರಿನ್ಸಿಪಲ್ ಪಾಯಿಂಟ್ ಅಡ್ಡಾದಿಡ್ಡಿ ಚಲಿಸುತ್ತದೆ. ಅದಕ್ಕೆ ಅಕ್ಕಪಕ್ಕದ ಎರಡು ಸ್ಥಾನಗಳ ನಡುವೆ ಸರಳರೇಖೆಯೇ ಸರಿ. ಕೊನೆಗೆ ಲೆಕ್ಕದಲ್ಲಿ ಬಳಸದ ಸ್ಥಾನವೊಂದರಲ್ಲಿ, ಉದಾಹರಣೆಗೆ 17 ಮಿ.ಮೀ.ನಲ್ಲಿ, ಎರರ್ ನೋಡಿ. ಅದು 1 ಪಿಕ್ಸೆಲ್ ಮೀರಿದರೆ ಅಲ್ಲೊಂದು ಸ್ಥಾನ ಸೇರಿಸಿ.